ಡೇರೆಯೊಳಗೆ ಕರೆದದ್ದು

ನನ್ನ ಮೈದುನ ರಮಾನಂದ ಬದುಕಿರುವವರೆಗೆ ಕಾರಿನ ಮುಂದಿನ ಸೀಟು ನನಗೆ ಸಿಕ್ಕಿದ್ದೇ ಕಡಿಮೆ. ಅವನು ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಒಂದು ಆಫೀಸಿನಲ್ಲಿದ್ದ, ನಾವು ಮೆಲಾಕಾದಲ್ಲಿ. ನನ್ನ ಗಂಡ ಜನಾರ್ದನ ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಕಲಿಸುತ್ತಾರೆ, ನಾನು ಫಾರ್ಮಕಾಲಜಿ. ವರ್ಷಕ್ಕೊಮ್ಮೆ, ಊರಲ್ಲಿ ನವರಾತ್ರಿ ಮುಗಿದು ದೀಪಾವಳಿಗೆ ಇನ್ನೂ ದಿನಗಳಿರುವಾಗ, ರಮಾನಂದ ರಜೆ ಹಾಕಿ ಡೇರೆ, ಗ್ಯಾಸ್ ಒಲೆ, ಚಾಪೆಗಳನ್ನು ಕಾರಿಗೆ ತುಂಬಿಕೊಂಡು ಬರುತ್ತಿದ್ದ. ಮೂವರೂ ಬೆಟ್ಟಗಳ ಕಡೆ ಹೊರಡುತ್ತಿದ್ದೆವು. ಈ ದೇಶದಲ್ಲಿ ಶರತ್ಕಾಲ ಎಂಬುದೊಂದಿಲ್ಲ. ಇಲ್ಲಿ ಮಳೆಯಿದೆ, ಅದು ಮುಗಿದರೆ ಇನ್ನೊಂದು ಮಳೆಯಿದೆ. ಆದರೂ ಅವನು ಅದನ್ನು ಶರತ್ಕಾಲದ ಟ್ರಿಪ್ ಎಂದೇ ಕರೆಯುತ್ತಿದ್ದ. ಅಣ್ಣತಮ್ಮಂದಿರು ಮುಂದೆ ಕೂತು ದಾರಿಯುದ್ದಕ್ಕೂ ತುಳುವಿನಲ್ಲಿ ಹರಟುತ್ತಿದ್ದರು. ಹಿಂದೆ ಅಕ್ಕಿ ಚೀಲ, ಕಂಬಳಿ ಮತ್ತು ನಾನು. ಧಾರವಾಡದವಳಾದ ನನಗೆ ಅವರ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಸಿಡುಕುತ್ತಿದ್ದೆ.

೨೦೨೧ರ ಆಗಸ್ಟಿನಲ್ಲಿ ಅವನು ಕೋವಿಡ್‌ನಿಂದ ತೀರಿಕೊಂಡ. ನಲವತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಮೆಲಾಕಾದಿಂದ ಕ್ಲಾಂಗ್‌ಗೆ ಎರಡು ಗಂಟೆಯ ದಾರಿ, ಆದರೆ ಆಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಪರವಾನಗಿ ಇಲ್ಲದೆ ಹೋಗುವಂತಿರಲಿಲ್ಲ. ಆಸ್ಪತ್ರೆಯಿಂದ ಅವನು ನನಗೆ ಫೋನ್ ಮಾಡಿ, ಮಾತು ಮಾತಿಗೂ ಉಸಿರು ಎಳೆದುಕೊಳ್ಳುತ್ತಾ, ಅಣ್ಣ ಹೊರಟನಾ ಎಂದು ಕೇಳಿದ. ಪರವಾನಗಿಗೆ ಬರೆದಿದ್ದಾರೆ, ಇವತ್ತೋ ನಾಳೆಯೋ ಬರುತ್ತದೆ ಎಂದೆ. ಪರವಾನಗಿ ಬಂತು, ಅವನು ಹೋದ ಮೇಲೆ. ಸುಡುವಾಗ ನಮ್ಮವರೆಂದು ಇದ್ದದ್ದು ಅವನ ಆಫೀಸಿನ ಡೆಸ್ಮಂಡ್ ಒಬ್ಬ. ಮಂಗಳೂರಿನ ಕ್ಯಾಥೊಲಿಕ್ ಹುಡುಗ, ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟುಕೊಂಡು, ತನಗೆ ತಿಳಿದ ಪ್ರಾರ್ಥನೆ ಹೇಳಿ, ಬೂದಿಯನ್ನು ತಾನೇ ಕಡಲಿಗೆ ಬಿಟ್ಟು ಬಂದ. ಅವನ ಋಣ ನಾವು ತೀರಿಸುವಂಥದ್ದಲ್ಲ.

ಊರಿನಿಂದ ನನ್ನ ಗಂಡನ ಅಕ್ಕ ಸುಮತಿ ಇವರಿಗೆ ಫೋನ್ ಮಾಡಿ ಅತ್ತರು, ಅತ್ತಾದ ಮೇಲೆ ಬೈದರು. ಎರಡು ಗಂಟೆಯ ದಾರಿಗೆ ಒಂದು ಕಾಗದ ಹಿಡಿದುಕೊಳ್ಳಬೇಕೆಂದು ಕಾದು ಕೂತೆಯಾ, ನೀನೊಬ್ಬ ಡಾಕ್ಟರಾ ಎಂದರು. ಜನಾರ್ದನ ಒಂದೂ ಮಾತಾಡಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ನಾನೂ ಅದನ್ನೇ ಅಂದುಕೊಂಡಿದ್ದೆ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಅವರು. ಅಂದಿನಿಂದ ಅವರು ನಗುವುದನ್ನು ಬಿಟ್ಟರು. ಊಟ ಮಾಡುತ್ತಿದ್ದರು, ಲ್ಯಾಪ್‌ಟಾಪ್ ಮುಂದೆ ಕೂತು ಪಾಠ ಮಾಡುತ್ತಿದ್ದರು, ಆಮೇಲೆ ಗೋಡೆ ನೋಡುತ್ತಿದ್ದರು.

ಅವರ ಮನೆತನದಲ್ಲಿ ಒಂದು ಕಟ್ಟಳೆಯಿದೆ. ಬೊಜ್ಜ ಅಂದರೆ ಉತ್ತರಕ್ರಿಯೆ ಮುಗಿದ ಮೇಲೆ, ಸತ್ತವರನ್ನು ಮನೆಯೊಳಗೆ ಕರೆಯಬೇಕು. ಮುಸ್ಸಂಜೆಗೆ ಹಿರಿಯರೊಬ್ಬರು ದೀಪ ಹಿಡಿದು ಅಂಗಳದಲ್ಲಿ ನಿಂತು ಹೆಸರು ಹೇಳಿ, ಒಳಗೆ ಬಾ, ನಿನ್ನವರ ಜತೆ ಸೇರು ಎನ್ನುತ್ತಾರೆ. ಹಿಂದಿರುಗಿ ನೋಡದೆ ಒಳಗೆ ಬಂದು ಬಾಗಿಲು ಹಾಕಿಕೊಂಡು ಎಲೆಯಲ್ಲಿ ಬಡಿಸುತ್ತಾರೆ. ಅಂದಿನಿಂದ ಸತ್ತವರು ಆ ಮನೆಯವರು. ಕರೆಯದಿದ್ದರೆ ಹೊರಗೇ ಅಲೆಯುತ್ತಾರಂತೆ. ಸುಮತಿಯಕ್ಕ ಕಾಪುವಿನ ತಮ್ಮದೇ ಮನೆಯಲ್ಲಿ ಎಲ್ಲವನ್ನೂ ಮಾಡಿಸಿದ್ದರು, ಆದರೆ ಅವನು ಬರಲಿಲ್ಲ ಎಂದರು. ಅದು ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಇಂಥದ್ದನ್ನು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಸತ್ತದ್ದು ಆಚೆ ದೇಶದಲ್ಲಿ, ನಡುವೆ ಕಡಲಿದೆ, ಜನಾರ್ದನ ಅಲ್ಲಿಯೇ ಕರೆಯಲಿ, ಅಣ್ಣ ಕರೆದರೆ ಬರುತ್ತಾನೆ ಎಂದು ಅವರ ಹಟ. ಇವರು ಕರೆಯಲಿಲ್ಲ. ದಿನಾ ಸಂಜೆ ನಮ್ಮ ಕಾಂಡೋ ಫ್ಲಾಟಿನ ಬಾಗಿಲ ತನಕ ಹೋಗಿ, ಹಿಡಿಕೆ ಮುಟ್ಟಿ, ಹಿಂದೆ ಬರುತ್ತಿದ್ದರು.

ಅಕ್ಟೋಬರಿನಲ್ಲಿ ರಸ್ತೆಗಳು ತೆರೆದವು. ರಮಾನಂದನ ಕಾರು ಆಫೀಸಿನ ಅಂಗಳದಲ್ಲಿ ನಿಂತು ನಿಂತು ಹಾಳಾಗುತ್ತಿದೆ ಎಂದು ಡೆಸ್ಮಂಡ್ ತಿಳಿಸಿದ. ಬರುವಾಗ ಅದನ್ನೇ ತರೋಣವೆಂದು ನಮ್ಮ ಕಾರು ಬಿಟ್ಟು ಬಸ್ಸಿನಲ್ಲಿ ಕ್ಲಾಂಗ್‌ಗೆ ಹೋದೆವು. ಕಾರಿನ ಡಿಕ್ಕಿಯಲ್ಲಿ ಡೇರೆ, ಒಲೆ, ಕಂಬಳಿ ಎಲ್ಲ ಇದ್ದ ಹಾಗೇ ಇದ್ದವು. ನಾನು ಮುಂದಿನ ಬಾಗಿಲು ತೆರೆದೆ, ಗಂಡನ ಮುಖ ನೋಡಿದೆ, ಮುಚ್ಚಿ ಹಿಂದೆ ಕೂತೆ. ಹೆದ್ದಾರಿಗೆ ಬಂದದ್ದೇ ಅವರು ದಕ್ಷಿಣಕ್ಕೆ ಮನೆಯ ಕಡೆ ತಿರುಗಲಿಲ್ಲ, ಉತ್ತರಕ್ಕೆ ತಿರುಗಿಸಿದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಈ ವರ್ಷದ ಟ್ರಿಪ್ ಆಗಲಿಲ್ಲವಲ್ಲ ಎಂದರು. ಉಟ್ಟ ಬಟ್ಟೆಯಲ್ಲಿ ಹೊರಟವಳು ನಾನು. ಬೇರೆ ದಿನವಾಗಿದ್ದರೆ ಅಲ್ಲೇ ರಂಪ ಮಾಡಿರುತ್ತಿದ್ದೆ. ಆದರೆ ತಿಂಗಳುಗಳ ನಂತರ ಅವರಾಗಿ ಏನನ್ನೋ ಬಯಸಿದ್ದರು, ಸುಮ್ಮನಾದೆ.

ಮೊದಲ ರಾತ್ರಿ ತಾಪಾ ಊರಿನ ಹತ್ತಿರ ಹೊಳೆಬದಿಯಲ್ಲಿ ಡೇರೆ ಹಾಕಿದೆವು. ಮಾರನೆಯ ದಿನ ತಿರುವಿನ ಮೇಲೆ ತಿರುವು ಹತ್ತಿ ಚಹಾ ತೋಟಗಳ ಆಚೆ ತಂಗಿದೆವು. ಅಲ್ಲಿಯ ಸಂತೆಯಲ್ಲಿ ಅಡುಗೆ ಸಾಮಾನಿನ ಜತೆ ನನಗೊಂದು ಸ್ವೆಟರ್, ಅವರಿಗೊಂದು ಟೋಪಿ ಕೊಂಡೆ. ಮೂರನೆಯ ದಿನ ಬೆಟ್ಟಗಳ ಬೆನ್ನು ದಾಟಿ ಲೋಜಿಂಗ್ ಎಂಬ ಊರಿನ ಕಡೆಗೆ ಇಳಿದೆವು. ಪ್ಲಾಸ್ಟಿಕ್ ಹೊದಿಸಿದ ಕೋಸಿನ ತೋಟಗಳು, ಅವುಗಳ ಮೇಲೆ ಕಾಡು, ಕಾಡಿನ ಮೇಲೆ ಮಂಜು. ಪ್ರತಿ ಸಂಜೆ ಅವರು ಡೇರೆಯಲ್ಲಿ ಮೂರು ಚಾಪೆ ಹಾಸಿದರು. ಪ್ರತಿ ಸಂಜೆ ನಾನು ನೋಡಿಯೂ ನೋಡದವಳಂತಿದ್ದೆ.

ಲೋಜಿಂಗ್‌ನಲ್ಲಿ ಡೇರೆ ಹಾಕಲು ಒಬ್ಬ ಚೀನೀ ಮುದುಕನ ಜಾಗವಿತ್ತು. ಮಳೆಗಾಲವೆಂದು ಬೇರೆ ಯಾರೂ ಬಂದಿರಲಿಲ್ಲ. ಹೋದ ಸಲ ಬಂದಾಗ ರಮಾನಂದ ಇಲ್ಲಿಯೇ, ಸತ್ತರೆ ಇಲ್ಲಿ ಸಾಯಬೇಕು ಎಂದು ನಕ್ಕಿದ್ದ. ಅಂಥ ಮಾತಿಗೆ ನಾವೆಲ್ಲ ನಗುತ್ತಿದ್ದ ಕಾಲ ಅದು. ಮುಸ್ಸಂಜೆಯಾಗುತ್ತಲೇ ಜನಾರ್ದನ ಬ್ಯಾಟರಿ ಲಾಟೀನು ಹಿಡಿದುಕೊಂಡು ಡೇರೆಯ ಮುಂದೆ ಹೋಗಿ ನಿಂತರು. ನಾನು ಒಲೆಯ ಮುಂದೆ ಇದ್ದೆ. ಅವರ ಬೆನ್ನು ನೋಡಿಯೇ ನನಗೆ ಗೊತ್ತಾಯಿತು.

"ರಮಾನಂದಾ," ಎಂದು ಅವರು ಕಾಡಿನ ಕಡೆಗೆ ಕರೆದರು. "ಒಳಗೆ ಬಾ ಮಾರಾಯ. ಹೊರಗೆ ಚಳಿ ಉಂಟು."

ಇಷ್ಟು ದಿನ ಮನೆಯ ಬಾಗಿಲಲ್ಲಿ ಬಾರದಿದ್ದ ಕರೆ ಅಲ್ಲಿ ಹೊರಬಂತು. ಅವರು ಹಿಂದಿರುಗಿ ನೋಡದೆ ಡೇರೆಯೊಳಗೆ ಹೋದರು, ನನ್ನನ್ನೂ ಕೈ ಹಿಡಿದು ಒಳಗೆಳೆದುಕೊಂಡು ಜಿಪ್ ಹಾಕಿದರು. ಪೇಪರ್ ಪ್ಲೇಟಿನಲ್ಲಿ ಅನ್ನ ಬಡಿಸಿ ಮೂರನೆಯ ಚಾಪೆಯ ಮುಂದಿಟ್ಟರು. ನಾವು ಬೆನ್ನು ತಿರುಗಿಸಿ ಕೂತೆವು. ಹೊರಗೆ ಕೀಟಗಳ ಸದ್ದು ಜೋರಾಗಿತ್ತು, ಒಮ್ಮೆಲೇ ನಿಂತುಹೋಯಿತು. ಡೇರೆಯ ಬಟ್ಟೆ ಒಳಗಿನಿಂದ ಯಾರೋ ತಾಗಿದ ಹಾಗೆ ಒಂದು ಕಡೆ ಉಬ್ಬಿ ಇಳಿಯಿತು. ಗಾಳಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಎದ್ದಾಗ ಜನಾರ್ದನ ನಗುತ್ತಿದ್ದರು. ಹಲ್ಲು ಕಾಣುವ ಹಾಗೆ ಹಳೆಯ ನಗೆ. ಮೂರು ಲೋಟ ಚಹಾ ಮಾಡಿದ್ದರು. ಅವರು ಹೊರಗೆ ಹೋದಾಗ ನಾನು ಮೂರನೆಯ ಚಾಪೆಯ ಮೇಲೆ ಅಂಗೈ ಇಟ್ಟು ನೋಡಿದೆ. ನನ್ನ ಚಾಪೆ ಮಂಜಿಗೆ ತಣ್ಣಗಾಗಿತ್ತು. ಅದು ಬೆಚ್ಚಗಿತ್ತು. ಔಷಧಶಾಸ್ತ್ರ ಕಲಿಸುವವಳು ನಾನು, ಕಾರಣ ಹುಡುಕುವುದು ನನ್ನ ಕೆಲಸ. ಒಂದೂ ಸಿಗಲಿಲ್ಲ. ಹೆದರಿಕೆಯಾಯಿತು, ಆದರೆ ಚಾಪೆಗಿಂತ ಹೆಚ್ಚು ಹೆದರಿಕೆಯಾದದ್ದು ಗಂಡನ ನಗುವಿಗೆ. ಬೇಗ ಹೊರಡೋಣ ಎಂದು ನಾನು ಡೇರೆಯ ಗೂಟ ಕೀಳಲು ಹೋದೆ. ಅವರು ಬಂದು ಮೆತ್ತಗೆ ನನ್ನ ಕೈ ಬಿಡಿಸಿದರು.

"ಇದನ್ನು ಮಡಚಲಿಕ್ಕಿಲ್ಲ ಜಲಜಾ. ಒಳಗೆ ಕರೆದಾಯ್ತಲ್ಲ. ಇನ್ನು ಇದೇ ಅವನ ಮನೆ."

"ಇದು ಮನಿ ಅಲ್ರೀ, ಡೇರೆ."

"ಮನೆಯನ್ನು ಯಾರಾದರೂ ಮಡಚಿ ಡಿಕ್ಕಿಯಲ್ಲಿ ಹಾಕ್ತಾರಾ? ನೀನು ಕಾರು ತಗೊಂಡು ಹೋಗು. ನಾನು ಅವನೊಟ್ಟಿಗೆ ಇರ್ತೇನೆ."

ತಮಾಷೆಯೆಂದುಕೊಳ್ಳಲು ಆಸೆಪಟ್ಟೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ಹುಚ್ಚೂ ಇರಲಿಲ್ಲ. ಪಾಠ ಹೇಳುವಾಗಿನ ಸಮಾಧಾನ ಇತ್ತು. ಕಾಲೇಜಿಗೆ ಏನು ಹೇಳುವುದೆಂದು ಕೇಳಿದೆ. ಏನಾದರೂ ಹೇಳು ಎಂದರು. ಎಷ್ಟು ದಿನ ಎಂದು ಕೇಳಿದೆ. ಮನೆಯಲ್ಲಿ ಎಷ್ಟು ದಿನ ಅಂತ ಇರುತ್ತಾರೆ ಎಂದರು. ಮೈದುನನನ್ನು ಕಳೆದುಕೊಂಡಾಗಿತ್ತು, ಈಗ ಗಂಡನನ್ನು ಬೆಟ್ಟದ ಮೇಲೆ ಬಿಟ್ಟು ಇಳಿಯುವ ಸರದಿ.

ರಸ್ತೆಯ ಏರಿನಲ್ಲಿ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿಗೆ ನಡೆದು ಹೋಗಿ ಸುಮತಿಯಕ್ಕನಿಗೆ ಎಲ್ಲವನ್ನೂ ಹೇಳಿದೆ. ಹೊಸಿಲಿಲ್ಲದ, ಹೆಂಚಿನ ಮಾಡಿಲ್ಲದ, ಬಟ್ಟೆಯ ಗೂಡಿನೊಳಗೆ ಯಾರಾದರೂ ಸತ್ತವನನ್ನು ಕರೆಯುವುದುಂಟೇ ಎಂದರು. ಕರೆದಾಗಿದೆ, ಈಗ ಹೊರಗೆ ಕಳಿಸುವ ದಾರಿ ಹೇಳಿ ಎಂದೆ. ಒಳಗೆ ಕರೆದವನಿಗೆ ಹೊರಗೆ ಹೋಗು ಅನ್ನಲಿಕ್ಕಿಲ್ಲ, ಹಾಗೆಂದರೆ ಅವನಿಗೆ ಎಲ್ಲಿಯೂ ಜಾಗವಿಲ್ಲ ಎಂದು ಅತ್ತರು. ಅವರಿಗೂ ದಾರಿ ಗೊತ್ತಿರಲಿಲ್ಲ. ಇದು ಹಿಂದೆ ಯಾರೂ ಮಾಡಿರದ ತಪ್ಪು, ಹಾಗಾಗಿ ಇದಕ್ಕೆ ಕಟ್ಟಳೆಯೂ ಇರಲಿಲ್ಲ.

ಆ ದಿನವೆಲ್ಲ ಮಳೆ ಸುರಿಯಿತು. ಜನಾರ್ದನ ಹೊರಗೆ ಬರಲಿಲ್ಲ. ನಾನು ಕಾರಿನಲ್ಲಿ ಕೂತು ಡೇರೆ ನೋಡುತ್ತಿದ್ದೆ. ಬಟ್ಟೆಯ ಮೇಲೆ ಅವರ ನೆರಳು ಬೀಳುತ್ತಿತ್ತು, ಪಕ್ಕದಲ್ಲಿ ಇನ್ನೊಂದು ಕಪ್ಪು ಬೀಳುತ್ತಿತ್ತು. ಅದು ಮಡಚಿಟ್ಟ ಕಂಬಳಿಯೂ ಇರಬಹುದಿತ್ತು. ಮಧ್ಯಾಹ್ನ ಬ್ರೆಡ್ ಕೊಡಲೆಂದು ಹತ್ತಿರ ಹೋದಾಗ ಅವರ ದನಿ ಕೇಳಿಸಿತು. ತುಳುವಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅದು ನನಗೂ ಅರ್ಥವಾಗುವಷ್ಟು ಸಣ್ಣ ಮಾತು. ಬಂದೆನಲ್ಲ, ಈಗ ಬಂದೆನಲ್ಲ. ಪ್ರತಿ ಸಲ ಹೇಳಿ ನಿಲ್ಲಿಸುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು. ಆ ಬಿಡುವಿನಲ್ಲಿ ಡೇರೆಯೊಳಗಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಬ್ರೆಡ್ಡನ್ನು ಅಲ್ಲೇ ಇಟ್ಟು ಬಂದೆ.

ಮರುದಿನ ಬೆಳಗಾದಾಗ ಅವರಿಗೆ ಮೈ ಬಿಸಿಯಾಗಿತ್ತು, ಕಣ್ಣು ಕೆಂಪಾಗಿತ್ತು. ಚಾಪೆಗಳ ಕೆಳಗೆ ನೀರು. ಅವರು ತಮ್ಮ ಒಣ ಕಂಬಳಿಯನ್ನು ಮೂರನೆಯ ಚಾಪೆಗೆ ಹೊದಿಸಿ ತಾವು ಒದ್ದೆಯಲ್ಲಿ ಕೂತಿದ್ದರು. ಅದನ್ನು ನೋಡಿ ನನಗೆ ಬಂದದ್ದು ಭಯವಲ್ಲ, ಕೆಟ್ಟ ಸಿಟ್ಟು. ಸತ್ತವನ ಮೇಲೆ ಸಿಟ್ಟು. ಬದುಕಿದ್ದಾಗ ಅವನ ಮೇಲೆ ಸಿಡುಕಿದ ಹಾಗೆಯೇ ಸಿಡುಕಿದೆ, ಮನಸ್ಸಿನಲ್ಲಿ. ಹಾಗೆ ಸಿಡುಕುತ್ತಿರುವಾಗಲೇ ಹೊಳೆಯಿತು. ಅವನನ್ನು ಯಾರೂ ಹೋಗು ಎಂದು ಎಬ್ಬಿಸುತ್ತಿರಲಿಲ್ಲ. ಊಟಕ್ಕೆ ಬಾ ಎಂದು ಎಬ್ಬಿಸುತ್ತಿದ್ದೆವು. ಹೋಗು ಎನ್ನಲು ಕಟ್ಟಳೆ ಬಿಡುವುದಿಲ್ಲ, ಸರಿ. ಬಾ ಎನ್ನಬಾರದೆಂದು ಯಾರು ಹೇಳಿದ್ದಾರೆ?

ಅಕ್ಕಿ ತೊಳೆದು ಒಲೆಗಿಟ್ಟೆ. ಡಬ್ಬಿಯಲ್ಲಿ ಬರುವ ಸಾರ್ಡಿನ್ ಮೀನಿಗೆ ಈರುಳ್ಳಿ, ಹಸಿಮೆಣಸು ಹಾಕಿ ಕಾಯಿಸಿದೆ. ಮಾಂಸ ಮೀನು ತಿನ್ನದ ಮನೆಯಿಂದ ಬಂದ ನನಗೆ ಅದನ್ನು ಕಲಿಸಿದವನೇ ರಮಾನಂದ. ತೋಟದಂಚಿನಲ್ಲಿ ಬಾಳೆಯಿತ್ತು, ಎಲೆ ಕೊಯ್ದು ತಂದೆ. ಬಿಸಿ ಅನ್ನ, ಮೀನು ಬಡಿಸಿ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಡೇರೆಯ ಬಾಗಿಲಿಗೆ ಹೋದೆ. ಮಳೆ ನಿಂತು ಮಂಜು ಇಳಿದಿತ್ತು. ಹತ್ತು ಮಾರು ಆಚೆ ಇದ್ದ ಕಾರು ಅರ್ಧ ಮಾತ್ರ ಕಾಣುತ್ತಿತ್ತು. ಜನಾರ್ದನ ತಲೆಯೆತ್ತಿ ಎಲೆಯನ್ನು ನೋಡಿದರು. ನಾನು ಅದನ್ನು ಅವರಿಗೆ ಕೊಡಲಿಲ್ಲ, ಒಳಗೂ ಇಡಲಿಲ್ಲ.

"ರಮಾನಂದ, ಅತ್ತಿಗಿ ಕರಿಯಾಕತ್ತೀನಿ. ಊಟಕ್ಕ ಬಾ. ಇಲ್ಲೆಲ್ಲಾ ನೀರಾಗೈತಿ, ಕಾರಿನಾಗ ಬಡಸ್ತೀನಿ."

ಹೇಳಿ, ಬೆನ್ನು ತಿರುಗಿಸಿ ನಡೆದೆ. ಹಿಂದಿರುಗಿ ನೋಡಬಾರದಲ್ಲ. ಹುಲ್ಲಿನ ಮೇಲೆ ನನ್ನ ಚಪ್ಪಲಿಯ ಸದ್ದು ಪಚಕ್ ಪಚಕ್ ಎನ್ನುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅದಕ್ಕೆ ಇನ್ನೊಂದು ಸದ್ದು ಸೇರಿತು, ನನಗಿಂತ ಭಾರದ, ಕಾಲು ಎಳೆದು ಹಾಕುವ ಸದ್ದು. ಗಂಡ ಬರುತ್ತಿದ್ದಾರೆಂದುಕೊಂಡೆ. ಕಾರಿನ ಮುಂದಿನ ಬಾಗಿಲು ತೆರೆದು ಎಲೆಯನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಸೀಟು ಖಾಲಿ ಬಿಟ್ಟೆ. ಆಗ ಡೇರೆಯ ಕಡೆಯಿಂದ ದೊಪ್ಪೆಂದು ಸದ್ದಾಯಿತು. ಹಗಲೂ ರಾತ್ರಿ ನೀರು ಹೊತ್ತಿದ್ದ ಡೇರೆ ಒಂದು ಕಡೆ ಕುಸಿದಿತ್ತು, ಜನಾರ್ದನ ಅದರಡಿಯಿಂದ ಆಗಷ್ಟೇ ತೆವಳಿಕೊಂಡು ಹೊರಗೆ ಬರುತ್ತಿದ್ದರು. ಅಂದರೆ ನನ್ನ ಹಿಂದೆ ನಡೆದು ಬಂದದ್ದು ಅವರಲ್ಲ. ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ನಿಧಾನವಾಗಿ, ಯಾರ ಬೆರಳೂ ಸಿಕ್ಕಿಕೊಳ್ಳದ ಹಾಗೆ, ಬಾಗಿಲು ಮುಚ್ಚಿದೆ.

ಜನಾರ್ದನ ಒದ್ದೆ ಬಟ್ಟೆಯಲ್ಲಿ ಬಂದು ಸ್ಟೀರಿಂಗ್ ಮುಂದೆ ಕೂತರು. ಡ್ರೈವ್ ಮಾಡಲು ಆಗುತ್ತದೆಯೇ ಎಂದು ಕೇಳಿದೆ, ಮಾತ್ರೆ ಕೊಟ್ಟೆ, ನುಂಗಿದರು. ಕೀಲಿ ತಿರುಗಿಸಿದ ತಕ್ಷಣ ಕಾರು ಟಿಣ್ ಟಿಣ್ ಎನ್ನತೊಡಗಿತು. ಮುಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಕೊಳ್ಳದಿದ್ದರೆ ಬರುವ ಸದ್ದು. ಸೀಟಿನ ಮೇಲೆ ಏನೂ ಇರಲಿಲ್ಲ. ಅವರು ನನ್ನನ್ನು ನೋಡಲಿಲ್ಲ. ಕೈ ಚಾಚಿ ಬೆಲ್ಟನ್ನು ಎಳೆದು, ರಮಾನಂದನ ದಪ್ಪ ಹೊಟ್ಟೆಗೆ ಸುತ್ತುವಷ್ಟು ಸಡಿಲ ಬಿಟ್ಟು, ಸಿಕ್ಕಿಸಿದರು. ಸದ್ದು ನಿಂತಿತು. ಡೇರೆಯನ್ನು ಮಡಚುವವರು ಯಾರೂ ಇರಲಿಲ್ಲ, ಬಿದ್ದ ಹಾಗೇ ಬಿಟ್ಟು ಹೊರಟೆವು.

ಬೆಟ್ಟವೆಲ್ಲ ಇಳಿದು ಹೆದ್ದಾರಿಗೆ ಬಂದು ದಕ್ಷಿಣಕ್ಕೆ ಹೊರಳಿದೆವು. ನಡುವೆ ತಮಿಳು ಮುಸ್ಲಿಮರ ಒಂದು ಮಾಮಕ್ ಅಂಗಡಿಯಲ್ಲಿ ನಿಲ್ಲಿಸಿ ಮೂರು ಚಹಾ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದರು. ನಾನು ಯಾಕೆ ಎನ್ನಲಿಲ್ಲ. ಕಾರಿನೊಳಗೆ ಮೀನಿನ ವಾಸನೆ ತುಂಬಿತ್ತು. ನನಗೆ ಮುಂದಿನ ಸೀಟನ್ನು ನೋಡಲು ಧೈರ್ಯವಿರಲಿಲ್ಲ, ನೋಡದಿರಲೂ ಆಗುತ್ತಿರಲಿಲ್ಲ. ಸೆರೆಂಬಾನ್ ದಾಟಿತು. ಮೆಲಾಕಾದ ಗಡಿ ಹತ್ತಿರವಾಗುತ್ತಿದ್ದಂತೆ ಜನಾರ್ದನ ವೇಗ ಕಡಿಮೆ ಮಾಡಿದರು. ಸಿಂಪಾಂಗ್ ಅಂಪಾಟ್ ಊರು ಬರುವ ಮೊದಲು, ರಸ್ತೆಯ ಅಂಚಿಗೆ ತಂದು ನಿಲ್ಲಿಸಿಬಿಟ್ಟರು. ಅಲ್ಲಿ ಏನೂ ಇರಲಿಲ್ಲ. ಎರಡೂ ಕಡೆ ತಾಳೆಯೆಣ್ಣೆ ತೋಟ. ನಡುವಿನ ಬೇಲಿಯ ಆಚೆ, ಉತ್ತರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಕೆಂಪು ಬಿಳಿ ಪ್ಲಾಸ್ಟಿಕ್ ತಡೆಗಳನ್ನು ಒಂದರ ಮೇಲೊಂದು ಒಟ್ಟಿದ್ದರು.

ಅವರು ಎಂಜಿನ್ ಆರಿಸಿದರು. ಪಕ್ಕದ ಸೀಟಿನ ಕಡೆ ತಿರುಗಿದರು. ಈ ಸಲ ತುಳುವಿನಲ್ಲಿ ಅಲ್ಲ, ಕನ್ನಡದಲ್ಲಿ ಹೇಳಿದರು; ಅದು ನನಗೂ ಕೇಳಲೆಂದು ಇರಬೇಕು.

"ಆಚೆ ಬದಿ ನೋಡು. ಇಲ್ಲಿಯವರೆಗೆ ಬಂದಿದ್ದೆ ನಾನು. ನೀನು ಆಸ್ಪತ್ರೆಯಲ್ಲಿದ್ದಾಗ, ಕಾಲೇಜಿಗೆ ಅಂತ ಹೇಳಿ, ಪರ್ಮಿಟ್ ಇಲ್ಲದೆ ಹೊರಟದ್ದು. ಎಷ್ಟು ಕೇಳಿದರೂ ಬಿಡ್ಲಿಲ್ಲ. ಕೈ ಮುಗಿದೆ ಮಾರಾಯ, ಆ ಚಿಕ್ಕ ಪೊಲೀಸಿನವನಿಗೆ ಕೈ ಮುಗಿದೆ. ಅವನೂ ಅತ್ತ. ಕಾರು ತಿರುಗಿಸಿ ಇಲ್ಲೇ ಈ ಬದಿಯಲ್ಲಿ ನಿಂತೆ, ಕತ್ತಲಾಗುವವರೆಗೆ. ಇಲ್ಲಿಯವರೆಗೆ ಬಂದಿದ್ದೆ ನಾನು."

ಲಾರಿಗಳು ಹಾದುಹೋಗುವಾಗ ಕಾರು ಅಲುಗುತ್ತಿತ್ತು. ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅಕ್ಕನ ಬೈಗುಳವನ್ನು ನುಂಗಿಕೊಂಡು, ನನ್ನ ಮೌನವನ್ನೂ ನುಂಗಿಕೊಂಡು, ಅವರು ಅದನ್ನು ಒಬ್ಬನಿಗೆ ಮಾತ್ರ ಹೇಳಬೇಕೆಂದು ಇಟ್ಟುಕೊಂಡಿದ್ದರು. ಬೆಟ್ಟ ಹತ್ತಿ ಕರೆದರೂ ಅವನೆದುರು ಇದನ್ನು ಹೇಳಲು ಅವರಿಗೆ ಆಗಿರಲಿಲ್ಲ.

ಬಹಳ ಹೊತ್ತು ಅವರು ಖಾಲಿ ಸೀಟನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಜ್ವರದ ಕಣ್ಣುಗಳಲ್ಲಿ ಸಣ್ಣ ಹುಡುಗನ ಗಾಬರಿಯಿತ್ತು.

"ನನಗೆ ಏನೂ ಕೇಳ್ತಾ ಇಲ್ಲ ಜಲಜಾ. ಅವನು ಎಂತಾದರೂ ಹೇಳಿದನಾ?"

"ಹ್ಞೂಂ," ಎಂದೆ. "ಗೊತ್ತಿತ್ತಂತ. ಅಣ್ಣ ಹೊರಟಾನ ಅಂತ ಗೊತ್ತಿತ್ತಂತ."

ಅವರು ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತರು. ಆಗಸ್ಟಿನಿಂದ ಅಳದೇ ಇದ್ದದ್ದನ್ನೆಲ್ಲ ಅತ್ತರು. ನಾನು ಹಿಂದಿನಿಂದ ಅವರ ಬೆನ್ನು ಸವರುತ್ತಾ ಕೂತೆ. ನನ್ನ ಗಂಡನಿಗೆ ನಾನು ಸುಳ್ಳು ಹೇಳಿಲ್ಲ, ಅಷ್ಟನ್ನು ಮಾತ್ರ ಹೇಳಬಲ್ಲೆ. ಅದು ನನಗೆ ಹೇಗೆ ಗೊತ್ತಾಯಿತೆಂದು ಅವರೂ ಕೇಳಲಿಲ್ಲ.

ಮೆಲಾಕಾ ಮುಟ್ಟುವಾಗ ಸಂಜೆಯಾಗಿತ್ತು. ಲಿಫ್ಟಿನಲ್ಲಿ ಅವರು ಗೋಡೆಗೆ ಒರಗಿ ನಿಂತರು, ಜ್ವರ ಇಳಿದು ಬೆವರುತ್ತಿದ್ದರು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ನಾನು ಬೀಗ ತೆಗೆದು ಮೊದಲು ಒಳಗೆ ಹೋಗಿ ದೇವರ ಮುಂದಿನ ದೀಪ ಹಚ್ಚಿ ತಂದೆ. ಅವರು ಹೊಸಿಲಿನ ಆಚೆ ನಿಂತೇ ಇದ್ದರು, ಒಳಗೆ ಬರಬಹುದೋ ಬಾರದೋ ಎಂಬಂತೆ.

ಬಾ ಎಂದು ಕರೆದೆ. ಇಬ್ಬರೂ ಒಳಗೆ ಬಂದರು.